ನಿಮ್ಮ ಲೇಖನದಲ್ಲಿ ಅಜ್ಜಿ ಯಾಕೆ ಕೊನೆಯ ಪುಟದಲ್ಲಿದ್ದಾರೆ?

ಪ್ರಿಯ ಬರಹಗಾರರೇ,

ನೀವು ಕಳಿಸಿದ ‘ಗ್ರಾಮೀಣ ಆಡಳಿತ ಘಟಕಗಳ ವಿಕಾಸ: ಒಂದು ಅವಲೋಕನ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಕೊನೆಯವರೆಗೆ ಕಾಯಿಸಿ ಹೇಳುವುದು ಸರಿಯಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಆದರೆ ಈ 22 ಪುಟಗಳ ಒಳಗೆ ಒಂದು ನಿಜವಾದ ಲೇಖನ ಇದೆ. ಅದು ಕೊನೆಯ ಪುಟದ ಅಡಿಯಲ್ಲಿ, ಟಿಪ್ಪಣಿ ಅಂತ ನಿಮ್ಮ ಅಜ್ಜಿಯ ಬಗ್ಗೆ ನೀವು ಸಣ್ಣ ಅಕ್ಷರದಲ್ಲಿ ಹಾಕಿರುವ ನಾಲ್ಕು ಸಾಲಿನಲ್ಲಿದೆ. ಆ ನಾಲ್ಕು ಸಾಲಿಗಾಗಿಯೇ ಇಷ್ಟು ಉದ್ದದ ಪತ್ರ ಬರೆಯುತ್ತಿದ್ದೇನೆ.

ಲೇಖನ ಹಳೆಯ ಶಾಸನಗಳಲ್ಲಿ ಸಂಖ್ಯೆಯ ಜೊತೆ ಬರುವ ನಾಡುಗಳಿಂದ, ಬನವಾಸಿ 12000ದಿಂದ ಶುರುವಾಗುತ್ತದೆ. ಗಂಗವಾಡಿ 96000, ನೊಳಂಬವಾಡಿ 32000, ಬೆಳ್ವೊಲ 300 ಅಂತ ಸಾಗಿ, ಬ್ರಿಟಿಷರ ಡಿವಿಜನ್ನುಗಳಿಗೆ ಬಂದು, 1956ರ ಏಕೀಕರಣ, 1997ರ ಏಳು ಹೊಸ ಜಿಲ್ಲೆಗಳು, 2021ರ ವಿಜಯನಗರ ಜಿಲ್ಲೆ ಎಲ್ಲವನ್ನೂ ಮುಟ್ಟಿ, ‘ಹೀಗೆ ಹಳೆಯ ಘಟಕಗಳು ಕಾಲಗರ್ಭದಲ್ಲಿ ಲೀನವಾದವು’ ಎಂದು ಮುಗಿಯುತ್ತದೆ. ಮಾಹಿತಿ ಕಲೆಹಾಕಲು ಕಷ್ಟಪಟ್ಟಿದ್ದೀರಿ, ಅದು ಕಾಣುತ್ತದೆ. ಆದರೆ ಸಾವಿರ ವರ್ಷವನ್ನು ಒಂದೇ ಓಟದಲ್ಲಿ ದಾಟಿದಾಗ ಓದುವವರಿಗೆ ನಿಲ್ಲಲು ಒಂದು ಜಗಲಿಯೂ ಸಿಗುವುದಿಲ್ಲ.

ಮೊದಲು ನಿಮ್ಮ ವಾಕ್ಯಗಳ ಬಗ್ಗೆ. ‘ರಚಿಸಲಾಯಿತು’, ‘ವಿಲೀನಗೊಳಿಸಲಾಯಿತು’, ‘ಮಾರ್ಪಡಿಸಲಾಯಿತು’. ಪೆನ್ಸಿಲ್ ಹಿಡಿದು ಗುರುತು ಹಾಕುತ್ತಾ ಹೋದೆ, ಹತ್ತನೇ ಪುಟಕ್ಕೆ ನಿಲ್ಲಿಸಿದೆ. ಈ ‘ಲಾಯಿತು’ ಸರ್ಕಾರಿ ಆದೇಶದ ಭಾಷೆ. ಅಲ್ಲಿ ಅದು ಬೇಕು, ಯಾಕೆಂದರೆ ಆದೇಶಕ್ಕೆ ಮುಖ ಇರುವುದಿಲ್ಲ. ನಿಮ್ಮ ಲೇಖನಕ್ಕೆ ಮುಖ ಬೇಕು. ಮಾಡಿದ್ದು ಯಾರು, ಯಾಕೆ, ಯಾರಿಗೆ ಏನಾಯಿತು?

ಒಂದು ಉದಾಹರಣೆ ಕೊಡುತ್ತೇನೆ. ‘1882ರಲ್ಲಿ ಹಾಸನ ಹಾಗೂ ಚಿತ್ರದುರ್ಗ ಜಿಲ್ಲೆಗಳನ್ನು ರದ್ದುಗೊಳಿಸಲಾಯಿತು, 1886ರಲ್ಲಿ ಪುನಃ ಸ್ಥಾಪಿಸಲಾಯಿತು’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನನಗೆ ಅಲ್ಲೇ ನಿಲ್ಲಬೇಕು ಅನ್ನಿಸಿತು. 1876ರಿಂದ 78ರವರೆಗಿನ ಆ ದೊಡ್ಡ ಬರ ಮೈಸೂರು ಸೀಮೆಯನ್ನು ಹಿಂಡಿಹಾಕಿತ್ತು. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಟ್ಟಾಗ ಅದರ ಜೊತೆಗೆ ಬರದ ಸಾಲವೂ ಬಂತು. ದಿವಾನ್ ರಂಗಾಚಾರ್ಲು ಎಲ್ಲೆಲ್ಲಿ ಖರ್ಚು ಕಡಿಮೆ ಮಾಡಬಹುದು ಎಂದು ನೋಡಿದರು. ಎರಡು ಜಿಲ್ಲೆಗಳು ಹೋದವು. ಅವರ ನಂತರ ಬಂದ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಎರಡೂ ತಿರುಗಿ ಬಂದವು. ಹೀಗೆ ಹೇಳಿದರೆ ಜಿಲ್ಲೆ ಅಂದರೆ ಏನು ಅಂತ ಓದುಗರಿಗೆ ತಾನಾಗಿಯೇ ತಿಳಿಯುತ್ತದೆ. ಒಂದು ಕಚೇರಿ, ಒಂದಷ್ಟು ಸಂಬಳ, ಹಣ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾವು ಮಾತ್ರ ಅದನ್ನು ಬೆಟ್ಟ, ಹೊಳೆಗಳ ಹಾಗೆ ಮೊದಲಿಂದಲೂ ಇದ್ದದ್ದು ಅಂದುಕೊಂಡಿರುತ್ತೇವೆ.

ಇನ್ನೊಂದು ಕಡೆ ತಪ್ಪಿದ್ದೀರಿ. ‘ಕಡೂರು ಜಿಲ್ಲೆ ಅಳಿದು ಚಿಕ್ಕಮಗಳೂರು ಜಿಲ್ಲೆ ಹುಟ್ಟಿತು’ ಎಂದಿದ್ದೀರಿ. ಹಾಗಲ್ಲ. 1863ರಲ್ಲಿ ಜಿಲ್ಲೆ ಆದಾಗ ಅದರ ಹೆಸರು ಕಡೂರು. ಎರಡೇ ವರ್ಷಕ್ಕೆ, 1865ರಲ್ಲಿ, ಜಿಲ್ಲಾ ಕಚೇರಿ ಚಿಕ್ಕಮಗಳೂರಿಗೆ ಹೋಯಿತು. ಹೆಸರು ಮಾತ್ರ ಹೋಗಲಿಲ್ಲ. 1947ರವರೆಗೂ ಕಡೂರು ಜಿಲ್ಲೆ ಅಂತಲೇ ಇತ್ತು. ಎಂಬತ್ತು ವರ್ಷಕ್ಕೂ ಜಾಸ್ತಿ ಕಾಲ ಸಾಹೇಬರು ಒಂದು ಊರಲ್ಲಿ, ಹೆಸರು ಇನ್ನೊಂದು ಊರಲ್ಲಿ! ಇಂಥದ್ದನ್ನು ಒಂದು ವಾಕ್ಯದಲ್ಲಿ ಮುಗಿಸಬೇಡಿ. ಅದೂ ನೀವು ಆ ಜಿಲ್ಲೆಯವರೇ ಆಗಿರುವಾಗ.

ನಿಮ್ಮ ಊರು ಅಜ್ಜಂಪುರದ ಹತ್ತಿರ ಎಂದು ಪತ್ರದಲ್ಲಿ ಬರೆದಿದ್ದೀರಿ. ಲೇಖನದಲ್ಲಿ ಅದು ಎಲ್ಲೂ ಇಲ್ಲ. ನಿಮ್ಮ ಮನೆಯ ಟ್ರಂಕು ತೆಗೆದು ನೋಡಿ. ಮುತ್ತಾತನ ಕಾಲದ ಕ್ರಯಪತ್ರ ಸಿಕ್ಕರೆ ಅದರ ತಲೆಯಲ್ಲಿ ‘ಕಡೂರು ಡಿಸ್ಟ್ರಿಕ್ಟ್, ತರೀಕೆರೆ ತಾಲ್ಲೂಕು, ಅಜ್ಜಂಪುರ ಹೋಬಳಿ’ ಎಂದಿರುತ್ತದೆ. ತಾತನ ಕಾಲದ್ದು ಸಿಕ್ಕರೆ ‘ಚಿಕ್ಕಮಗಳೂರು ಜಿಲ್ಲೆ, ತರೀಕೆರೆ ತಾಲ್ಲೂಕು’. ಈಗ ಕಂಪ್ಯೂಟರಿನಲ್ಲಿ ಬರುವ ಪಹಣಿಯಲ್ಲಿ ‘ಅಜ್ಜಂಪುರ ತಾಲ್ಲೂಕು’, ಯಾಕೆಂದರೆ 2018ರಿಂದ ಅಜ್ಜಂಪುರ ಬೇರೆ ತಾಲ್ಲೂಕು. ಮೇಲೆ ರಾಜ್ಯದ ಹೆಸರನ್ನೂ ನೋಡಿ. ಮೈಸೂರು ಸಂಸ್ಥಾನ, ಮೈಸೂರು ರಾಜ್ಯ, 1973ರ ನವೆಂಬರಿನಿಂದ ಕರ್ನಾಟಕ. ಮೂರು ಕಾಗದಗಳನ್ನು ನೆಲದ ಮೇಲೆ ಪಕ್ಕಪಕ್ಕ ಇಟ್ಟು ನೋಡಿದರೆ ಹೊಲ ಒಂದೇ, ಮೂಡಲ ಬದುವಿನ ಹುಣಸೆಮರವೂ ಒಂದೇ ಇರಬಹುದು. ಸುತ್ತ ಇರುವ ಹೆಸರುಗಳು ಮಾತ್ರ ಬದಲಾಗಿವೆ.

ಇದನ್ನು ಸುಮ್ನೆ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ 1936ರ ಒಂದು ಪತ್ರ ಇದೆ. ಅದರಲ್ಲಿ ‘ಮೈಸೂರು ಡಿಸ್ಟ್ರಿಕ್ಟ್, ಮಂಡ್ಯ ತಾಲ್ಲೂಕು’ ಎಂದಿದೆ. ಮಂಡ್ಯ ಜಿಲ್ಲೆ ಆಗಿದ್ದು 1939ರಲ್ಲಿ. ಚಿಕ್ಕವನಿದ್ದಾಗ ಅದನ್ನು ನೋಡಿ, ಬರೆದವರು ತಪ್ಪು ಬರೆದಿದ್ದಾರೆ ಅಂತ ಅಪ್ಪನಿಗೆ ಹೇಳಿದ್ದೆ. ಅಪ್ಪ ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಿಕೆಯ ಮೇಲೆಯೇ ಮಡಚಿ, ‘ಅವರು ಸರಿಯಾಗೇ ಬರೆದಿದ್ದಾರೆ, ಆಮೇಲೆ ನಾವು ಬದಲಾದ್ವಿ’ ಅಂದರು. ಈ ವಿಷಯದಲ್ಲಿ ನನ್ನ ಆಸಕ್ತಿ ಶುರುವಾಗಿದ್ದು ಅಲ್ಲಿಂದ.

ಈಗ ನಿಮ್ಮ ಆ ನಾಲ್ಕು ಸಾಲು. ‘ಲೇಖಕನ ಅಜ್ಜಿಯವರು 1987ರಿಂದ 1992ರವರೆಗೆ ಮಂಡಲ ಪಂಚಾಯಿತಿಯ ಸದಸ್ಯರಾಗಿದ್ದರು. ಅವರು ಇಂದಿಗೂ ಗ್ರಾಮ ಪಂಚಾಯಿತಿ ಕಚೇರಿಗೆ ಹೋಗುವಾಗ ಮಂಡಲಕ್ಕೆ ಹೋಗಿ ಬರ್ತೀನಿ ಎನ್ನುತ್ತಾರೆ.’ ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಲ್ಲ, ಇದನ್ನು ಇಟ್ಟುಕೊಂಡು ಬನವಾಸಿಗೆ ಯಾಕೆ ಹೋದಿರಿ?

ಮಂಡಲ ಪಂಚಾಯಿತಿಗೆ ಹದಿಮೂರನೇ ಪುಟದಲ್ಲಿ ಎರಡು ಸಾಲು ಕೊಟ್ಟು, ‘ನಂತರ ಇದೇ ಗ್ರಾಮ ಪಂಚಾಯಿತಿ ಎಂದು ಕರೆಯಲ್ಪಟ್ಟಿತು’ ಎಂದಿದ್ದೀರಿ. ಅದು ಬರೀ ಹೆಸರಿನ ಬದಲಾವಣೆ ಅಲ್ಲ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ಸಚಿವರಾಗಿದ್ದ ಕಾಲ ಅದು. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಅಂತ ಹೆಸರು ಪಡೆದವರು ಈ ನಜೀರ್ ಸಾಬ್. 1983ರ ಕಾಯ್ದೆ ಜಾರಿಯಾಗಿ 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಒಂದು ಮಂಡಲ ಅಂದರೆ 8,000ದಿಂದ 12,000 ಜನ, ಅಂದರೆ ಹತ್ತಾರು ಹಳ್ಳಿ. ರಾಜ್ಯದಲ್ಲಿ ಇಂಥವು ಸುಮಾರು 2,500 ಇದ್ದವು. ಅದಕ್ಕೂ ಮುಂಚೆ ಇದ್ದ, 1959ರ ಕಾಯ್ದೆಯ ಗ್ರಾಮ ಪಂಚಾಯಿತಿಗಳನ್ನೂ ತಾಲ್ಲೂಕು ಬೋರ್ಡುಗಳನ್ನೂ ತೆಗೆದು ಇವನ್ನು ಮಾಡಿದ್ದರು.

ಅದರಲ್ಲಿ ಶೇಕಡಾ 25 ಜಾಗ ಹೆಂಗಸರಿಗೆ ಅಂತ ಕಾನೂನಿನಲ್ಲೇ ಬರೆದಿತ್ತು. ದೇಶಕ್ಕೆಲ್ಲ ಇಂಥ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ಬಂದಿದ್ದು 1993ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ನಿಮ್ಮ ಅಜ್ಜಿ ಸೆರಗು ಹೊದ್ದು ಹೋಗಿ ಆ ಸಭೆಯಲ್ಲಿ ಕೂತಿದ್ದರು. ಆ ಶೇಕಡಾ 25 ಇರದಿದ್ದರೆ ಅವರು ನಿಲ್ಲುತ್ತಿದ್ದರಾ? ಯಾರು ನಿಲ್ಲಿಸಿದರು? ತಾತ ಏನಂದರು? ಇದನ್ನು ಯಾವ ಗೆಜೆಟಿಯರ್ ಹೇಳುತ್ತದೆ? ಹೇಳಬೇಕಾದವರು ನೀವು.

1992ಕ್ಕೆ ಐದು ವರ್ಷದ ಅವಧಿ ಮುಗಿಯಿತು. ಹೊಸ ಚುನಾವಣೆ ಆಗಲಿಲ್ಲ. ಆಡಳಿತಾಧಿಕಾರಿಗಳು ಬಂದು ಕೂತರು. ಮುಂದಿನ ವರ್ಷ ಹೊಸ ಪಂಚಾಯತ್ ರಾಜ್ ಕಾಯ್ದೆ ಬಂತು. 5,000ದಿಂದ 7,000 ಜನಕ್ಕೆ ಒಂದು ಗ್ರಾಮ ಪಂಚಾಯಿತಿ, ಮಲೆನಾಡಿನಲ್ಲಿ 2,500ಕ್ಕೂ ಒಂದು. 1993ರ ಕೊನೆಗೆ ಚುನಾವಣೆ. ಮಂಡಲಗಳು ಒಡೆದು, ಇದ್ದದ್ದರ ಎರಡರಷ್ಟಕ್ಕಿಂತ ಜಾಸ್ತಿ ಪಂಚಾಯಿತಿಗಳಾದವು. ನಿಮ್ಮ ಅಜ್ಜಿಯ ಮಂಡಲ ಹೀಗೆ ಹೋಯಿತು. ಕಚೇರಿ ಹತ್ತಿರ ಬಂತು, ಅದು ಒಳ್ಳೆಯದೇ. ಆದರೆ ಹತ್ತಾರು ಹಳ್ಳಿಯವರು ಒಂದೇ ಕೋಣೆಯಲ್ಲಿ ಕೂತು, ಈ ಸಲ ರಸ್ತೆ ನಿಮಗೆ, ಮುಂದಿನ ಸಲ ಕೆರೆ ನಮಗೆ ಅಂತ ಜಗಳ ಆಡುತ್ತಿದ್ದರಲ್ಲ, ಆ ಕೋಣೆ ಹೋಯಿತು. ಕೆರೆ ಒಂದು ಪಂಚಾಯಿತಿಗೆ, ಅದರ ತೂಬಿನ ಕೆಳಗಿನ ಗದ್ದೆ ಇನ್ನೊಂದಕ್ಕೆ ಸೇರಿದ್ದು ನಿಮ್ಮ ಕಡೆಯೂ ಇರಬಹುದು. ಹುಡುಕಿ.

ಕಚೇರಿ ಯಾವ ಊರಿಗೆ ಬಂತು, ಯಾಕೆ ಅಲ್ಲಿಗೇ ಬಂತು ಅನ್ನುವುದನ್ನೂ ಕೇಳಿ. ಪಂಚಾಯಿತಿ ಕೇಂದ್ರ ಯಾವ ಊರಾಗಬೇಕು ಎಂಬ ಮೇಲಾಟ ನಮ್ಮ ಹಳ್ಳಿಗಳಲ್ಲಿ ಸಣ್ಣದಲ್ಲ. ಬಸ್ಸು ನಿಲ್ಲುವ ಊರೇ? ಹೈಸ್ಕೂಲ್ ಇರುವ ಊರೇ? ಜಾಗ ದಾನ ಕೊಟ್ಟವರ ಊರೇ? ಸೋತ ಊರಿನವರು ಇವತ್ತಿಗೂ ಏನು ಹೇಳುತ್ತಾರೆ? ನೀವು ಆ ಎರಡೂ ಊರಿಗೆ ಸೈಕಲ್ಲಿನಲ್ಲೇ ಹೋಗಬಹುದು. ಬೆಂಗಳೂರಿನಲ್ಲಿ ಕೂತ ನನಗೆ ಅದು ಆಗುವುದಿಲ್ಲ.

‘ಲೀನವಾದವು’ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಆಡಳಿತದ ಹಳೆಯ ತುಂಡುಗಳು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ನಾಡು ಎಂಬ ಘಟಕ ಯಾವತ್ತೋ ಹೋಯಿತು, ಆದರೆ ನಾಡಗೌಡ, ನಾಡಿಗ, ನಾಡಿಗೇರ್ ಅಂತ ಅಡ್ಡಹೆಸರಿನವರು ಇವತ್ತೂ ಇದ್ದಾರೆ. ದೇಸಾಯಿ, ದೇಶಪಾಂಡೆ ಕೂಡ ಪರಗಣೆ ಎಂಬ ಹಳೆಯ ಕಂದಾಯ ವಿಭಾಗದ ಕಾಲದ ಹುದ್ದೆಗಳೇ. ಶಾನುಭೋಗರ, ಪಟೇಲರ ವಂಶದ ಹುದ್ದೆ 1963ರಲ್ಲಿ ಕೊನೆಯಾಯಿತು, ‘ಶಾನುಭೋಗರ ಮನೆ’ ಮಾತ್ರ ಊರಿನಲ್ಲಿ ಇನ್ನೂ ಹಾಗೇ ಇದೆ. ಅಜ್ಜಂಪುರ ಬೇರೆ ತಾಲ್ಲೂಕಾದರೂ ವಿಧಾನಸಭೆಗೆ ನೀವು ಓಟು ಹಾಕುವುದು ತರೀಕೆರೆ ಕ್ಷೇತ್ರಕ್ಕೆ, ಅಲ್ವಾ? ಕ್ಷೇತ್ರಗಳ ಗಡಿ ಹಾಕಿದ್ದು 2008ರಲ್ಲಿ. ಆಗಿನ ಜೋಡಣೆ ಮತಯಂತ್ರದೊಳಗೆ ಹಾಗೇ ಕೂತಿದೆ.

ಬೇಚರಾಕ್ ಗ್ರಾಮದ ಬಗ್ಗೆ ಕೋಷ್ಟಕದಲ್ಲಿ ಒಂದು ಅಂಕಿ ಕೊಟ್ಟು ಬಿಟ್ಟಿದ್ದೀರಿ. ಆ ಪದವನ್ನು ಒಮ್ಮೆ ಬಿಡಿಸಿ ಹೇಳಿ. ಪಾರಸಿಯ ‘ಬೇ ಚಿರಾಗ್’, ದೀಪ ಇಲ್ಲದ್ದು. ಜನ ಬಿಟ್ಟು ಹೋದ ಊರು. ಮನೆ ಇಲ್ಲ, ಜನ ಇಲ್ಲ, ಆದರೆ ಕಂದಾಯ ಇಲಾಖೆಯ ಪಟ್ಟಿಯಲ್ಲಿ ಊರು ಇದೆ, ಸರ್ವೆ ನಂಬರು ಇದೆ, ಹೊಲಕ್ಕೆ ಪಹಣಿ ಇದೆ. ಇದರ ತಿರುವುಮುರುವು ಕೂಡ ನಿಮ್ಮ ಸುತ್ತಮುತ್ತ ಸಿಗುತ್ತದೆ. ತಾಂಡಾಗಳಲ್ಲಿ, ಗೊಲ್ಲರಹಟ್ಟಿಗಳಲ್ಲಿ ತಲೆಮಾರುಗಳಿಂದ ದೀಪ ಉರಿಯುತ್ತಿದ್ದರೂ ದಾಖಲೆಯಲ್ಲಿ ಅವು ಊರೇ ಆಗಿರಲಿಲ್ಲ. ಅವುಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ಈಚಿನ ವರ್ಷಗಳಲ್ಲಿ ನಡೆಯುತ್ತಿದೆ. ಊರು ಇಲ್ಲವಾಗುವುದು ಅಂದರೆ ಏನು ಅಂತ ಕೇಳಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಒಂದು ಬೇಚರಾಕ್ ಊರಿಗೆ ನಡೆದು ಹೋಗಿ ಬನ್ನಿ. ದೇವಸ್ಥಾನ ಉಳಿದಿದೆಯಾ, ಬಾವಿ ಇದೆಯಾ, ವರ್ಷಕ್ಕೊಮ್ಮೆ ಯಾರಾದರೂ ಪೂಜೆಗೆ ಬರುತ್ತಾರಾ ನೋಡಿ. ಅದು ಲೇಖನದ ಎರಡನೇ ಭಾಗ ಆಗಬಹುದು.

ಬನವಾಸಿ 12000 ಅಂದರೆ ‘ಹನ್ನೆರಡು ಸಾವಿರ ಹಳ್ಳಿಗಳು’ ಅಂತ ಖಚಿತವಾಗಿ ಬರೆದಿದ್ದೀರಿ. ಆ ಸಂಖ್ಯೆ ಹಳ್ಳಿಯದೋ, ಕಂದಾಯದ್ದೋ ಅಂತ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಆ ಭಾಗವನ್ನು ಪೂರ್ತಿ ತೆಗೆದರೂ ಲೇಖನಕ್ಕೆ ನಷ್ಟ ಇಲ್ಲ.

ಕೊನೆಯ ಭಾಗದಲ್ಲಿ ಸಿಟ್ಟು ಜಾಸ್ತಿ ಇದೆ. ಹೊಸ ತಾಲ್ಲೂಕು, ಹೊಸ ಜಿಲ್ಲೆ ಎಲ್ಲವೂ ರಾಜಕಾರಣಿಗಳ ಆಟ ಎಂದಿದ್ದೀರಿ. 2017ರ ಬಜೆಟ್ಟಿನಲ್ಲಿ ಒಂದೇ ಏಟಿಗೆ 49 ತಾಲ್ಲೂಕು ಘೋಷಣೆಯಾದಾಗ ಲೆಕ್ಕಾಚಾರ ಇರಲಿಲ್ಲ ಎಂದು ನಾನೂ ಹೇಳುವುದಿಲ್ಲ. ಆದರೆ ಬೆಳಿಗ್ಗೆ ಬಸ್ಸು ಹತ್ತಿ, ಒಂದು ಸಹಿಗಾಗಿ ಇಡೀ ದಿನ ಕಳೆದು, ‘ನಾಳೆ ಬನ್ನಿ’ ಅನ್ನಿಸಿಕೊಂಡು ಬರುವ ಹೆಂಗಸಿಗೆ ಕಚೇರಿ ಹತ್ತು ಮೈಲಿ ಹತ್ತಿರ ಆಗುವುದು ಆಟ ಅಲ್ಲ. ಅವಳ ಕೂಲಿ ಉಳಿಯುತ್ತದೆ. ಬೋರ್ಡು ಬದಲಾದ ಮೇಲೆ ಏನೇನು ನಿಜವಾಗಿ ಬಂತು ಅನ್ನುವುದನ್ನು ನೋಡಿ ಬರೆಯಿರಿ. ತಹಸೀಲ್ದಾರ್ ಎಲ್ಲಿ ಕೂರುತ್ತಾರೆ? ನೋಂದಣಿಗೆ ಎಲ್ಲಿಗೆ ಹೋಗುತ್ತೀರಿ? ಕೋರ್ಟು ಎಲ್ಲಿ, ಖಜಾನೆ ಎಲ್ಲಿ? ನಿಮ್ಮ ಸಿಟ್ಟು ನ್ಯಾಯವಾದದ್ದೇ ಆಗಿದ್ದರೆ ಈ ಉತ್ತರಗಳೇ ಅದನ್ನು ಹೇಳುತ್ತವೆ.

ಹೊಸದಾಗಿ ಬರೆಯಿರಿ. ಎಂಟು ಪುಟ ಸಾಕು. ಆ ಮೂರು ಕಾಗದಗಳ ಫೋಟೋ ಇದ್ದರೆ ಜೊತೆಗೆ ಕಳಿಸಿ, ಸರ್ವೆ ನಂಬರು, ಹೆಸರು ಕಾಣದಂತೆ ಮುಚ್ಚಿ. ಯುಗಾದಿಯ ಒಳಗೆ ಬಂದರೆ ನಾನೇ ಕೂತು ತಿದ್ದಿಕೊಡುತ್ತೇನೆ.

ಅದಕ್ಕೂ ಮುಂಚೆ ಅಜ್ಜಿಯ ಪಕ್ಕ ಒಂದು ಮಧ್ಯಾಹ್ನ ಕೂತುಕೊಳ್ಳಿ. 1992ರಲ್ಲಿ ಮಂಡಲದ ಕೊನೆಯ ಸಭೆ ಆದ ದಿನ ಅವರು ಮನೆಗೆ ಹೇಗೆ ಬಂದರು ಕೇಳಿ. ಜೊತೆಗೆ ಯಾರಿದ್ದರು, ಇನ್ನು ಮೇಲೆ ಬರಬೇಕಾಗಿಲ್ಲ ಎಂದು ಹೇಳಿದ್ದು ಯಾರು, ಆ ಹಾಜರಿ ಪುಸ್ತಕದಲ್ಲಿ ಅವರು ಹೆಬ್ಬೆಟ್ಟು ಒತ್ತುತ್ತಿದ್ದರೋ, ಸಹಿ ಹಾಕಲು ಕಲಿತಿದ್ದರೋ.

ಪ್ರೀತಿಯಿಂದ,
ಸಂಪಾದಕ