ಫಾಸ್ಫಾರಿಕ್ ಆಸಿಡ್‌ನಿಂದ ಡ್ರಿಪ್ ಗೊಬ್ಬರ ಮನೆಯಲ್ಲೇ ಮಾಡಬಹುದಾ?

ಕುಷ್ಟಗಿ ಕಡೆ ದಾಳಿಂಬೆ ಹಾಕಿದ್ದೀರಿ, ಶೇ 85ರ ಶುದ್ಧ ಫಾಸ್ಫಾರಿಕ್ ಆಸಿಡ್ ಕ್ಯಾನ್ ಲೆಕ್ಕದಲ್ಲಿ ಸಿಗುತ್ತಿದೆ, ಅದರಿಂದ 0-52-34 (ರಂಜಕ ಶೇ 52, ಪೊಟ್ಯಾಶ್ ಶೇ 34 ಇರುವ ಮೊನೊ ಪೊಟ್ಯಾಸಿಯಂ ಫಾಸ್ಫೇಟ್ ಉಪ್ಪು) ದ್ರವವಾಗಿಯೇ ಮಾಡಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಬರುತ್ತೆ, ಆದರೆ ನೀವು ಅಂದುಕೊಂಡಷ್ಟು ಗಟ್ಟಿಯಾಗಿ ಬರಲ್ಲ. ನಾನು ರಾಯಚೂರಿನಲ್ಲಿ ಇಂಥ ಗೊಬ್ಬರವನ್ನೇ ಮಾರುವವನು, ನನ್ನ ಮಾತನ್ನು ಸ್ವಲ್ಪ ಅನುಮಾನದಿಂದಲೇ ಓದಿ. ಲೆಕ್ಕ ಮಾತ್ರ ನೀವೇ ಹಾಕಿ ನೋಡಿ.

10 ಕೆ.ಜಿ. ಆಸಿಡ್‌ಗೆ ಶೇ 90ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಫ್ಲೇಕ್ಸ್ ಸುಮಾರು 5.4 ಕೆ.ಜಿ. ಬೇಕು. ಸಿಗೋ ಉಪ್ಪು ಹತ್ತಿರಹತ್ತಿರ 12 ಕೆ.ಜಿ. ಅದು 20 ಡಿಗ್ರಿಯಲ್ಲಿ 100 ಲೀಟರ್ ನೀರಿಗೆ 22-23 ಕೆ.ಜಿ.ಗಿಂತ ಹೆಚ್ಚು ಕರಗಲ್ಲ. ಅಂದರೆ ಆ 12 ಕೆ.ಜಿ.ಗೆ 50 ಲೀಟರ್‌ಗೂ ಮೇಲೆ ನೀರು ಬೇಕು, ಕ್ಯಾನಿನಲ್ಲಿ ರಂಜಕ (ಗೊಬ್ಬರದ ಚೀಲದ ಮೇಲಿರುವಂತೆ P2O5 ಲೆಕ್ಕದಲ್ಲಿ) ಶೇ 10ರೊಳಗೇ. ಮಾಡಿದಾಗ ಬಿಸಿ ಇರುತ್ತೆ, ತಿಳಿಯಾಗಿ ಕಾಣುತ್ತೆ. ನೀರು ಕಡಿಮೆ ಹಾಕಿದ್ದರೆ ಡಿಸೆಂಬರ್ ಬೆಳಗಿನ ಜಾವ ಕ್ಯಾನ್ ಅಲ್ಲಾಡಿಸಿ, ತಳದಲ್ಲಿ ಕಲ್ಲುಸಕ್ಕರೆ ಥರ ಹರಳು ಕಟಕಟ ಅನ್ನುತ್ತೆ. ಫ್ಲೇಕ್ಸ್ ದುಪ್ಪಟ್ಟು ಹಾಕಿದರೆ ಚೆನ್ನಾಗಿ ಕರಗುತ್ತೆ, ನಿಜ. ಆದರೆ ಪಿಎಚ್ 9ರ ಹತ್ತಿರ ಹೋಗುತ್ತೆ, ಸುಣ್ಣದ ಬೋರ್ ನೀರಿಗೆ ಅದು ಬಿದ್ದರೆ ಡ್ರಿಪ್ಪರ್ ಕಟ್ಟಿಕೊಂಡಂತೆಯೇ.

ನನ್ನ ಕೇಳಿದರೆ ಆ ಫ್ಲೇಕ್ಸ್ ಖರ್ಚೇ ಬೇಡ. ಆಸಿಡ್ಡೇ ದ್ರವ ಗೊಬ್ಬರ, ಅದರಲ್ಲಿ ರಂಜಕ ಅದೇ P2O5 ಲೆಕ್ಕದಲ್ಲಿ ಸುಮಾರು ಶೇ 61 ಇದೆ. ನೀರಲ್ಲಿ ತೆಳು ಮಾಡಿ ವೆಂಚುರಿಗೆ (ಡ್ರಿಪ್ ಪೈಪಿಗೆ ಗೊಬ್ಬರ ಎಳೆದುಕೊಳ್ಳುವ ಸಾಧನ) ಕೊಡಿ, ಪೊಟ್ಯಾಶ್‌ಗೆ 0-0-50 (ಪೊಟ್ಯಾಸಿಯಂ ಸಲ್ಫೇಟ್) ಬೇರೆ ದಿನ ಬಿಡಿ. ಎರೆ ಮಣ್ಣಿನ ಸುಣ್ಣ ರಂಜಕವನ್ನು ಹಿಡಿದಿಟ್ಟುಕೊಳ್ಳುವುದರಿಂದ ಒಮ್ಮೆಗೇ ಸುರಿಯಬೇಡಿ, ಸ್ವಲ್ಪಸ್ವಲ್ಪವೇ ಕೊಡಿ. ಆದರೆ ಬರೀ ಒಂದು ಚೂರು ಆಸಿಡ್ ಹಾಕಿ ಡ್ರಿಪ್ಪರ್ ನೀರಿನ ಪಿಎಚ್ 7ರ ಮೇಲೆಯೇ ಉಳಿದರೆ ಪೈಪಿನೊಳಗೇ ಸುಣ್ಣದ ಫಾಸ್ಫೇಟ್ ಕೂರುತ್ತೆ. ಮೊದಲು ಗಾಜಿನ ಬಾಟಲಿಯಲ್ಲಿ ನಿಮ್ಮದೇ ಬೋರ್ ನೀರಿಗೆ ಅದೇ ಪ್ರಮಾಣದಲ್ಲಿ ಬೆರೆಸಿ ರಾತ್ರಿಯಿಡೀ ಇಡಿ. ಹಾಲಿನಂತಾದರೆ ತೋಟಕ್ಕೆ ಬಿಡಬೇಡಿ. ಕ್ಯಾಲ್ಸಿಯಂ ನೈಟ್ರೇಟ್ ಜೊತೆಗಂತೂ ಒಂದೇ ಟ್ಯಾಂಕಿನಲ್ಲಿ ಬೇಡವೇ ಬೇಡ.

ಕಡಿಮೆ ರೇಟಿನ ಕಪ್ಪು-ಹಸಿರು ಆಸಿಡ್ ತೋರಿಸುವವರು ಬರುತ್ತಾರೆ. ಅದರಲ್ಲಿನ ಕಬ್ಬಿಣ, ಅಲ್ಯೂಮಿನಿಯಂ ಪಿಎಚ್ ಏರಿದ ಕೂಡಲೇ ಕೆಸರಾಗಿ ಇಳಿಯುತ್ತವೆ. ನೀವು ಶುದ್ಧದ್ದನ್ನೇ ಹಿಡಿದದ್ದು ಸರಿ.

ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರಲ್ಲ. ಕನ್ನಡಕ, ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ತಗಡಿನ ಬಕೆಟ್ ಬೇಡ, ಅದರ ಸತುವನ್ನು ಆಸಿಡ್ ತಿಂದು ಹೈಡ್ರೋಜನ್ ಬಿಡುತ್ತೆ. ಇದೆಲ್ಲ ನಿಮ್ಮ ಹೊಲದ ಮಟ್ಟಿಗೆ. ಪಕ್ಕದ ತೋಟದವರಿಗೆ ಕ್ಯಾನ್ ತುಂಬಿಸಿ ಮಾರಲು ಹೋದರೆ 1985ರ ರಸಗೊಬ್ಬರ ನಿಯಂತ್ರಣ ಆದೇಶ ಅಡ್ಡ ಬರುತ್ತೆ.