ಹುಬ್ಬಳ್ಳಿಯಿಂದ ಸಿಂಗಾಪುರ: ಟಿಕೆಟ್‌ನಲ್ಲಿ 7 ತಾಸು ಯಾಕೆ?

ಬೆಂಗಳೂರು–ಸಿಂಗಾಪುರ ಟಿಕೆಟ್‌ನಲ್ಲಿ ರಾತ್ರಿ 11ಕ್ಕೆ ಹೊರಟು ಬೆಳಿಗ್ಗೆ 6ಕ್ಕೆ ಇಳಿಯುವುದು ಅಂತ ಇದೆ, ಅಪ್ಪ-ಅಮ್ಮ 7 ತಾಸು ಕೂರಬೇಕಾ ಅಂತ ಕೇಳಿದ್ದೀರಿ. ಇಲ್ಲ, ಗಾಬರಿ ಬೇಡ. ಹಾರಾಟ ಸುಮಾರು ನಾಲ್ಕೂವರೆ ತಾಸು ಮಾತ್ರ. ದೂರ ಹೆಚ್ಚುಕಮ್ಮಿ 3,200 ಕಿ.ಮೀ. ಸಿಂಗಾಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಮುಂದಿದೆ, ಟಿಕೆಟ್‌ನಲ್ಲಿ ಆಯಾ ಊರಿನ ಸಮಯ ಹಾಕಿರುತ್ತಾರೆ. ವಾಪಸ್ ಬರುವಾಗ ಇದೇ ಲೆಕ್ಕ ಉಲ್ಟಾ. ಅಲ್ಲಿ ರಾತ್ರಿ 8ಕ್ಕೆ ಹತ್ತಿದರೆ ಇಲ್ಲಿ 10ಕ್ಕೇ ಇಳಿದಂತೆ ಕಾಣುತ್ತದೆ!

ನಿಜವಾಗಿ ಸುಸ್ತಾಗುವುದು ಹುಬ್ಬಳ್ಳಿ–ಬೆಂಗಳೂರು ದಾರಿಯಲ್ಲಿ. ರಸ್ತೆಯಲ್ಲಿ 400 ಕಿ.ಮೀ.ಗಿಂತ ಜಾಸ್ತಿ. ರೈಲಿನಲ್ಲಿ ಹೋದರೂ ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ಮತ್ತೆ 35 ಕಿ.ಮೀ. ಇದೆ, ಸಂಜೆ ಟ್ರಾಫಿಕ್ ಬೇರೆ. ವಯಸ್ಸಾದವರಲ್ವಾ, ನನ್ನ ಕೇಳಿದರೆ ಹುಬ್ಬಳ್ಳಿಯಿಂದಲೇ ವಿಮಾನ ಹತ್ತಿಸಿ, ಸುಮಾರು ಒಂದು ತಾಸಿನ ಹಾರಾಟ. ಆದರೆ ಎರಡು ಟಿಕೆಟ್ ಬೇರೆ ಬೇರೆ ತೆಗೆದರೆ ಬೆಂಗಳೂರಿನಲ್ಲಿ ಬ್ಯಾಗ್ ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ವಿದೇಶಿ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ನಡುವೆ ಐದಾರು ತಾಸಾದರೂ ಬಿಡಿ. ಒಂದೇ ಟಿಕೆಟ್‌ನಲ್ಲಿ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟರೂ ಅದನ್ನೇ ತೆಗೆಯಿರಿ.

ವೀಸಾ ಜೊತೆಗೆ ಎಸ್‌ಜಿ ಅರೈವಲ್ ಕಾರ್ಡ್ (ಸಿಂಗಾಪುರಕ್ಕೆ ಬರುವವರು ತಮ್ಮ ವಿವರ ತುಂಬುವ ಫಾರ್ಮ್) ಕೂಡ ಬೇಕು. ತಲುಪುವ ದಿನಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ನೀವೇ ತುಂಬಿಕೊಡಿ. ಸರ್ಕಾರಿ ಜಾಲತಾಣದಲ್ಲಿ ಅದು ಉಚಿತ, ದುಡ್ಡು ಕೇಳುವ ತಾಣಗಳಿಗೆ ಹೋಗಬೇಡಿ.