ಮಾತ್ರೆ ತಂದುಕೊಟ್ಟರೆ ಮುಗೀತಾ, ತಮ್ಮಾ?

ಕಲಬುರಗಿಯಿಂದ ಬರೆದಿರುವ ಈ ತಮ್ಮನಿಗೆ 25 ವರ್ಷ. ಮದುವೆಯಾಗಿ ಎಂಟು ತಿಂಗಳು. ಹೆಂಡತಿ ಬಿ.ಎಡ್. ಓದುತ್ತಿದ್ದಾಳೆ. ಎರಡು ವರ್ಷ ಮಕ್ಕಳು ಬೇಡ ಎಂದು ಇಬ್ಬರೂ ಮಾತಾಡಿಕೊಂಡಿದ್ದಾರೆ. ಆದರೆ ಅವ್ವ ದಿನಾ 'ಏನಾದ್ರೂ ವಿಶೇಷ ಅದೇನು?' ಎಂದು ಸೊಸೆಯನ್ನು ಕೇಳುತ್ತಾರಂತೆ. ಅವ್ವನಿಗೆ ಏನು ಹೇಳಲಿ ಎಂಬುದು ಪ್ರಶ್ನೆ.

ತಮ್ಮಾ, ಅವ್ವನ ಬಗ್ಗೆ ಎರಡು ಪುಟ ಬರೆದಿದ್ದೀಯ. ನನ್ನ ನಿದ್ದೆ ಕೆಡಿಸಿದ್ದು ನಡುವೆ ಬಂದ ಒಂದು ಮಾತು. "ನಾವು ಹುಷಾರಾಗಿದ್ದೇವೆ ಮೇಡಂ. ಎರಡು ತಿಂಗಳಲ್ಲಿ ಆರು ಸಲ 72 ಗಂಟೆ ಮಾತ್ರೆ ತಂದುಕೊಟ್ಟಿದ್ದೇನೆ. ಅವಳ ಮುಟ್ಟು ಸ್ವಲ್ಪ ಹಿಂದೆ ಮುಂದೆ ಆಗ್ತಿದೆ, ಅಷ್ಟೇ."

ಅಷ್ಟೇ ಅಲ್ಲಪ್ಪಾ. ಅದು ಯಾವತ್ತೋ ಒಮ್ಮೆ ನಿರೋಧ್ ಹರಿದಾಗ, ಎಡವಟ್ಟಾದಾಗ, ಬಸಿರಾಗದಿರಲಿ ಎಂದು 72 ಗಂಟೆಯೊಳಗೆ ನುಂಗುವ ತುರ್ತು ಮಾತ್ರೆ. ಅಂಡ ಬಿಡುಗಡೆಯಾಗುವುದನ್ನು ಮುಂದೂಡುತ್ತದೆ. ತಡವಾದಷ್ಟೂ ಅದರ ಕೆಲಸ ಕಡಿಮೆ. ಇವತ್ತು ನುಂಗಿದ್ದನ್ನು ನಂಬಿ ನಾಳೆ ರಾತ್ರಿ ಬಸಿರು ತಪ್ಪುತ್ತದೆ ಅಂದುಕೊಳ್ಳುವಂತಿಲ್ಲ. ಮೇಲಿಂದ ಮೇಲೆ ನುಂಗಿದರೆ ಮುಟ್ಟಿನ ಲೆಕ್ಕವೇ ತಪ್ಪುತ್ತದೆ. ಆಮೇಲೆ ಬಸಿರು ನಿಂತಿದೆಯೋ, ಮಾತ್ರೆಯಿಂದ ಹೀಗಾಗಿದೆಯೋ, ಆ ಹುಡುಗಿ ಒಬ್ಬಳೇ ದಿನ ಎಣಿಸುತ್ತಾ ಕೂರಬೇಕು.

ನಿರೋಧ್ ಹಾಕಿದರೆ ಗಂಡಸುತನ ಹೋಗುತ್ತದೆ ಎಂದನಲ್ಲ ನಿನ್ನ ದೋಸ್ತ, ನನ್ನ ಸಿಟ್ಟು ಅವನ ಮೇಲೇ ಜಾಸ್ತಿ. ಶುದ್ಧ ಸುಳ್ಳು. ಆದರೂ ಕೇಳುತ್ತೇನೆ, ಅಂಗಡಿಯಲ್ಲಿ ಮಾತ್ರೆ ಕೇಳಲು ಬಾರದ ನಾಚಿಕೆ ನಿರೋಧ್ ಕೇಳಲು ಯಾಕೆ ಬಂತು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ನೂರು ಗಂಡಸರಲ್ಲಿ 35 ಮಂದಿ, ಇದೆಲ್ಲ ಹೆಂಗಸರ ಕೆಲಸ, ಗಂಡಸಿಗೆ ಆ ಚಿಂತೆ ಬೇಡ ಎಂದಿದ್ದರು. ನೀನು ಆ ಸಾಲಿನಲ್ಲಿ ನಿಲ್ಲಬೇಡ.

ಈ ವಾರ ಒಂದು ದಿನ ರಜೆ ಹಾಕು. ಹೆಂಡತಿಯನ್ನು ಕರೆದುಕೊಂಡು ನಿಮ್ಮೂರಿನ ಸರ್ಕಾರಿ ಜಿಮ್ಸ್ ಆಸ್ಪತ್ರೆಗೆ ಹೋಗು. ಹೊರಗೆ ಬೈಕ್ ಹತ್ತಿರ ನಿಲ್ಲಬೇಡ, ಡಾಕ್ಟರ್ ಎದುರು ಅವಳ ಪಕ್ಕದಲ್ಲಿ ಕೂತುಕೋ. ಆರು ಮಾತ್ರೆಯ ವಿಷಯ ನೀನೇ ಬಾಯಿಬಿಟ್ಟು ಹೇಳು. ಬಸಿರು ತಡೆಯಲು ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್, ಛಾಯಾ ಮಾತ್ರೆ, ಗರ್ಭಕೋಶದೊಳಗೆ ಇಡುವ ಕಾಪರ್-ಟಿ, ಎಲ್ಲವೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅವಳಿಗೆ ಯಾವುದೂ ಬೇಡ ಅನ್ನಿಸಿದರೆ ನಿರೋಧ್ ನಿನ್ನ ಪಾಲಿನ ಕೆಲಸ. ಅದೂ ಅಲ್ಲಿ ಪುಕ್ಕಟೆ ಸಿಗುತ್ತದೆ. ಪರ್ಸಿನಲ್ಲಿ, ಬೈಕ್ ಡಿಕ್ಕಿಯಲ್ಲಿ ಇಡಬೇಡ, ನಮ್ಮ ಬಿಸಿಲಿಗೆ ರಬ್ಬರ್ ಹಾಳಾಗುತ್ತದೆ. ಕೊಬ್ಬರಿ ಎಣ್ಣೆ ಸೋಕಿಸಬೇಡ, ಹರಿಯುತ್ತದೆ.

ಇನ್ನು ಅವ್ವ. 'ಅವಳ ಓದು ಮುಗೀಲಿ ಅವ್ವಾ, ಬೇಡ ಅಂದಿದ್ದು ನಾನೂನು' ಎಂದು ನೀನೇ ಹೇಳು. ಹೆಂಡತಿ ಅಡುಗೆಮನೆಯಲ್ಲಿ ಇರುವಾಗಲೇ, ಅವಳ ಕಿವಿಗೂ ಬೀಳುವ ಹಾಗೆ.